ಆಹಾರ ಕಲಬೆರಕೆ: ಅಡುಗೆಮನೆಯ ಪರೀಕ್ಷೆಯಿಂದ ದಂಡದ ಆದೇಶದವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಕಲಬೆರಕೆ ಅನ್ನುವುದೂ ಕಾನೂನು ಹೇಳುವುದೂ ಒಂದೇನಾ?

ಅಲ್ಲ. ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ಈಗ ಇಲ್ಲ. ಅದರ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದಿದೆ. ಅದರ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಲ್ಲಿವೆ. ಇವತ್ತು ಲ್ಯಾಬ್ ವರದಿಯ ಕೊನೆಯಲ್ಲಿ ಮುಖ್ಯವಾಗಿ ಮೂರು ಷರಾಗಳನ್ನು ಕಾಣುತ್ತೀರಿ: ‘ಅಸುರಕ್ಷಿತ’, ‘ಕಳಪೆ ಗುಣಮಟ್ಟ’, ‘ತಪ್ಪು ಲೇಬಲ್’. ಕೇಸು ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಆ ಒಂದು ಪದವೇ ತೀರ್ಮಾನಿಸುತ್ತದೆ.

ಹಾಲನ್ನೇ ತೆಗೆದುಕೊಳ್ಳಿ. ಹಸುವಿನ ಹಾಲಿನಲ್ಲಿ ಕನಿಷ್ಠ ಶೇ 3.2 ಕೊಬ್ಬು, ಶೇ 8.3 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇರಬೇಕು. ನೀರು ಬೆರೆಸಿ ಇವು ಇಳಿದರೆ ಅದು ಕಳಪೆ ಗುಣಮಟ್ಟ. ದಂಡ ಮಾತ್ರ, ಜೈಲಿಲ್ಲ. ಅದೇ ಹಾಲಿನಲ್ಲಿ ಡಿಟರ್ಜೆಂಟ್ ಸಿಕ್ಕರೆ ಅಸುರಕ್ಷಿತ, ಕ್ರಿಮಿನಲ್ ಕೇಸು. ಗ್ರಾಹಕರ ಕಣ್ಣಿಗೆ ಎರಡೂ ಒಂದೇ ಮೋಸ, ಕಡತದಲ್ಲಿ ಎರಡಕ್ಕೂ ಅಜಗಜಾಂತರ.

ಟಾರ್ಟ್ರಜಿನ್‌ಗೆ ಸರ್ಕಾರವೇ ಅನುಮತಿ ಕೊಟ್ಟಿದೆಯಲ್ಲ, ಗೋಬಿಗೆ ಹಾಕಿದರೆ ತಪ್ಪೇನು?

ನಮ್ಮ ದೇಶದಲ್ಲಿ ಎಂಟು ಕೃತಕ ಬಣ್ಣಗಳಿಗೆ ಅನುಮತಿ ಇದೆ: ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಯ್ಸಿನ್, ಪಾನ್ಸೋ 4ಆರ್, ಎರಿತ್ರೋಸಿನ್, ಇಂಡಿಗೋ ಕಾರ್ಮೈನ್, ಬ್ರಿಲಿಯಂಟ್ ಬ್ಲೂ, ಫಾಸ್ಟ್ ಗ್ರೀನ್. ಆದರೆ ಅನುಮತಿ ಇರುವುದು ಬಣ್ಣಕ್ಕಲ್ಲ, ‘ಇಂಥ ತಿಂಡಿಯಲ್ಲಿ ಇಂಥ ಬಣ್ಣ ಇಷ್ಟು’ ಎಂಬ ಜೋಡಿಗೆ. ಐಸ್‌ಕ್ರೀಂ, ಬಿಸ್ಕತ್ತು, ಕೇಕು, ಮಿಠಾಯಿಯಂಥ ಪಟ್ಟಿಯಲ್ಲಿರುವ ಪದಾರ್ಥಗಳಿಗೆ ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಮಿತಿ. ಗೋಬಿ ಮಂಚೂರಿ, ಕಬಾಬ್ ಆ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಅಲ್ಲಿ ಚಿಟಿಕೆ ಟಾರ್ಟ್ರಜಿನ್ ಹಾಕಿದರೂ ತಪ್ಪೇ. ‘ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದೆ ಸಾರ್’ ಎಂಬ ಬಾಣಸಿಗರ ಉತ್ತರ ಇಲ್ಲಿ ನಡೆಯುವುದಿಲ್ಲ.

ರೋಡಮಿನ್-ಬಿ ಕಥೆ ಬೇರೆ. ಅದು ಬಟ್ಟೆ, ಕಾಗದಕ್ಕೆ ಹಾಕುವ ಗುಲಾಬಿ ಬಣ್ಣ. ಯಾವ ತಿಂಡಿಗೂ ಅನುಮತಿ ಇಲ್ಲ.

2024ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಪರೀಕ್ಷಿಸಿದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಬೊಂಬಾಯಿ ಮಿಠಾಯಿ ಎಂದು ನಾವು ಕರೆಯುವ ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15 ಫೇಲಾದವು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಬಣ್ಣ ನಿಷೇಧವಾಯಿತು. ಅಲ್ಲಿ 39ರಲ್ಲಿ 8 ಮಾದರಿ ಅಸುರಕ್ಷಿತ. ಗಮನಿಸಬೇಕಾದ್ದು ಏನೆಂದರೆ, ಈ ಆದೇಶಗಳಿಗೆ ಮೊದಲೂ ಅದು ಕಾನೂನುಬಾಹಿರವೇ ಆಗಿತ್ತು. ಇದ್ದ ನಿಯಮವನ್ನೇ ‘ನಿಷೇಧ’ ಎಂದು ಮತ್ತೆ ಸಾರಬೇಕಾಯಿತು ಎಂದರೆ ಅದುವರೆಗಿನ ತಪಾಸಣೆ ಹೇಗಿತ್ತೆಂದು ಊಹಿಸಿಕೊಳ್ಳಿ.

ತಟ್ಟೆಯಲ್ಲಿ ಗುರುತಿಸುವುದು ಹೇಗೆ? ಒಂದು ತುಂಡನ್ನು ಗಾಜಿನ ಲೋಟದ ನೀರಿಗೆ ಹಾಕಿ. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಮೇಲೆ ಕೆಂಪು ಜಿಡ್ಡಾಗಿ ತೇಲುತ್ತದೆ. ಸಾಸು ಇದ್ದರೆ ನೀರು ಬರೀ ಬಗ್ಗಡವಾಗುತ್ತದೆ. ಕೃತಕ ಬಣ್ಣವಾದರೆ ಎರಡು ನಿಮಿಷದಲ್ಲಿ ನೀರು ಶರಬತ್ತಿನ ಹಾಗೆ ತಿಳಿಯಾದ ಕಿತ್ತಳೆ-ಕೆಂಪಾಗುತ್ತದೆ.

ಮನೆಯಲ್ಲಿ ಮಾಡಬಹುದಾದ ನಂಬಿಕೆಯ ಪರೀಕ್ಷೆಗಳು ಯಾವುವು?

ಒಂದು ಮಾತು ಮೊದಲೇ ತಿಳಿದಿರಲಿ: ಮನೆ ಪರೀಕ್ಷೆ ‘ದೂರು ಕೊಡಬೇಕೋ ಬೇಡವೋ’ ಎಂದು ನಿರ್ಧರಿಸಲು ಮಾತ್ರ. ಯಾವ ನ್ಯಾಯಾಲಯವೂ ನಿಮ್ಮ ಲೋಟದ ವಿಡಿಯೊ ನೋಡಿ ದಂಡ ಹಾಕುವುದಿಲ್ಲ.

ಹಾಲಿಗೆ ಡಿಟರ್ಜೆಂಟ್: 10 ಮಿ.ಲೀ. ಹಾಲು, ಅಷ್ಟೇ ನೀರು, ಮುಚ್ಚಳದ ಬಾಟಲಿಯಲ್ಲಿ ಜೋರಾಗಿ ಕುಲುಕಿ. ಒಳ್ಳೆ ಹಾಲಿನ ನೊರೆ ತೆಳುವಾಗಿ ಬೇಗ ಕೂರುತ್ತದೆ. ಡಿಟರ್ಜೆಂಟ್ ನೊರೆ ದಪ್ಪಗೆ, ಬಟ್ಟೆ ಒಗೆದ ಬಕೆಟ್‌ನಲ್ಲಿರುವಂತೆ ನಿಲ್ಲುತ್ತದೆ.

ಹಾಲಿಗೆ ಯೂರಿಯಾ: ಒಂದು ಚಮಚ ಹಾಲಿಗೆ ಅರ್ಧ ಚಮಚ ತೊಗರಿಬೇಳೆ ಪುಡಿ ಅಥವಾ ಸೋಯಾ ಪುಡಿ ಕಲಸಿ ಐದು ನಿಮಿಷ ಬಿಡಿ. ಕೆಂಪು ಲಿಟ್ಮಸ್ ಕಾಗದವನ್ನು ಅರ್ಧ ನಿಮಿಷ ಅದ್ದಿ ತೆಗೆಯಿರಿ. ನೀಲಿಗೆ ತಿರುಗಿದರೆ ಅನುಮಾನ. ಬೇಳೆಯಲ್ಲಿರುವ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವುದರಿಂದ ಕಾಗದ ನೀಲಿಯಾಗುತ್ತದೆ. ಇಲ್ಲಿ ಎಡವುವುದು ಎರಡು ಕಡೆ. ಹುರಿದ ಬೇಳೆ ಪುಡಿ ಹಾಕಿದರೆ ಕಿಣ್ವ ಸತ್ತಿರುತ್ತದೆ, ಎಷ್ಟು ಯೂರಿಯಾ ಇದ್ದರೂ ಕಾಗದ ಕೆಂಪಾಗೇ ಉಳಿಯುತ್ತದೆ. ಇನ್ನೊಂದು, ಹಾಲಿನಲ್ಲಿ ಸಹಜವಾಗಿಯೇ ಒಂದಿಷ್ಟು ಯೂರಿಯಾ ಇರುತ್ತದೆ, ಮಿತಿ ಇರುವುದು 700 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 700 ಭಾಗ). ಹಾಗಾಗಿ ಮಸುಕಾದ ನೀಲಿ ನೋಡಿ ಹಾಲಿನವರ ಮೇಲೆ ಹರಿಹಾಯಬೇಡಿ.

ಹಾಲು, ಖೋವಾ, ಪನೀರಿಗೆ ಪಿಷ್ಟ: ಸ್ವಲ್ಪ ನೀರಿನಲ್ಲಿ ಕುದಿಸಿ, ಪೂರ್ತಿ ಆರಿಸಿ, ಟಿಂಚರ್ ಅಯೋಡಿನ್ ಎರಡು ಮೂರು ಹನಿ ಹಾಕಿ. ನೀಲಿ ಬಂದರೆ ಪಿಷ್ಟ ಇದೆ. ಬಿಸಿಯಲ್ಲಿ ನೀಲಿ ಬಣ್ಣ ನಿಲ್ಲುವುದಿಲ್ಲವಾದ್ದರಿಂದ ಆರಿಸುವುದನ್ನು ಮರೆಯಬಾರದು. ಇದೇ ಪರೀಕ್ಷೆಯನ್ನು ಅರಿಶಿನ, ಶುಂಠಿ ಪುಡಿಗೆ ಮಾಡಿ ಗಾಬರಿಯಾಗುವವರಿದ್ದಾರೆ. ಅವೆರಡೂ ಗೆಡ್ಡೆಗಳು, ಪಿಷ್ಟ ಅವುಗಳ ಸ್ವಂತದ್ದು.

ಅರಿಶಿನ: ಲೋಟ ನೀರಿನ ಮೇಲೆ ಒಂದು ಚಮಚ ಪುಡಿ ಹಾಕಿ, ಕಲಕಬೇಡಿ. ಒಳ್ಳೆಯದು ತಳಕ್ಕೆ ಇಳಿಯುತ್ತಾ ನೀರಿಗೆ ತಿಳಿ ಹಳದಿ ಬಿಡುತ್ತದೆ, ಬಣ್ಣ ಹಾಕಿದ್ದು ಗಾಢ ಹಳದಿ. ಮೆಟನಿಲ್ ಯೆಲ್ಲೋ ಎಂಬ ಅನುಮತಿ ಇಲ್ಲದ ಹಳದಿ ಬಣ್ಣದ ಪತ್ತೆಗೆ ಹೈಡ್ರೋಕ್ಲೋರಿಕ್ ಆಮ್ಲದ ಪರೀಕ್ಷೆ ಇದೆ. ಆದರೆ ಶುದ್ಧ ಅರಿಶಿನವೂ ಆಮ್ಲದಲ್ಲಿ ಗುಲಾಬಿಯಾಗುತ್ತದೆ. ನೀರು ಬೆರೆಸಿದ ಮೇಲೂ ಆ ಗುಲಾಬಿ ಉಳಿದರಷ್ಟೇ ಮೆಟನಿಲ್. ಈ ಎರಡನೇ ಹಂತ ಬಿಟ್ಟ ವಾಟ್ಸಾಪ್ ವಿಡಿಯೊಗಳೇ ಹೆಚ್ಚು. ಶೌಚಾಲಯ ತೊಳೆಯುವ ಆಸಿಡ್ ತಂದು ಅಡುಗೆಮನೆಯಲ್ಲಿ ಇದನ್ನು ಮಾಡಬೇಡಿ, ಲ್ಯಾಬ್‌ಗೆ ಬಿಡಿ.

ಖಾರದ ಪುಡಿ: ನೀರಿನ ಮೇಲೆ ಉದುರಿಸಿದಾಗ ಬಣ್ಣ ಎಳೆ ಎಳೆಯಾಗಿ ಇಳಿದರೆ ನೀರಲ್ಲಿ ಕರಗುವ ಬಣ್ಣ ಬಿದ್ದಿದೆ. ತಳದಲ್ಲಿ ಕೂತದ್ದನ್ನು ಬೆರಳಲ್ಲಿ ಉಜ್ಜಿದಾಗ ಮರಳಿನಂತೆ ಗರಗರ ಅಂದರೆ ಇಟ್ಟಿಗೆ ಪುಡಿ ಅಥವಾ ಮರಳು. ಸುಡಾನ್ ಬಣ್ಣ ಮಾತ್ರ ಎಣ್ಣೆಯಲ್ಲಿ ಕರಗುವಂಥದ್ದು. ನೀರಿನ ಪರೀಕ್ಷೆಯಲ್ಲಿ ಅದು ಸಲೀಸಾಗಿ ಪಾಸಾಗಿಬಿಡುತ್ತದೆ. ‘ಬ್ಯಾಡಗಿ’ ಎಂದು ಚೀಟಿ ಅಂಟಿಸಿದ ಅಗ್ಗದ ಪುಡಿಗಿಂತ ತೊಟ್ಟು ಸಮೇತದ ಕಾಯಿ ಕೊಂಡು, ಬಿಸಿಲಿಗೆ ಒಣಗಿಸಿ, ಗಿರಣಿಯಲ್ಲಿ ಎದುರು ನಿಂತು ಪುಡಿ ಮಾಡಿಸುವುದೇ ವಾಸಿ.

ರಾಗಿ: ರಾಗಿಗೂ ಬಣ್ಣ ಹಾಕುತ್ತಾರಾ ಎಂದು ಹಳೇ ಮೈಸೂರಿನವರು ಬೆರಗಾಗಬಹುದು. ಹಳೆಯ, ಮಂಕಾದ ರಾಗಿಗೆ ಕಳೆ ಬರಲೆಂದು ರೋಡಮಿನ್-ಬಿ ಹಾಕುವುದುಂಟು. ಎರಡು ಹತ್ತಿಯುಂಡೆ ತೆಗೆದುಕೊಂಡು ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಎಣ್ಣೆಯಲ್ಲಿ ನೆನೆಸಿ ಹಿಡಿ ರಾಗಿಗೆ ಐದು ನಿಮಿಷ ಉಜ್ಜಿ. ಕಂದು ಬಂದರೆ ಅದು ಸಿಪ್ಪೆಯದು, ಧೂಳಿನದು. ಗುಲಾಬಿ ಬಂದರೆ ಬಣ್ಣ.

ಒಣ ಹಸಿರು ಬಟಾಣಿಯನ್ನು ಅರ್ಧ ಗಂಟೆ ನೀರಲ್ಲಿ ಬಿಟ್ಟು ನೀರು ಹಸಿರಾಯಿತೇ ನೋಡಿ. ಸಾಸಿವೆ ಕಾಳನ್ನು ಉಗುರಲ್ಲಿ ಒತ್ತಿ: ಒಳಗೆ ಹಳದಿ ಇದ್ದರೆ ಸಾಸಿವೆ, ಮೇಲ್ಮೈ ಒರಟಾಗಿ ಒಳಗೆ ಬೆಳ್ಳಗಿದ್ದರೆ ಅರ್ಜಿಮೋನ್, ನಮ್ಮ ಹೊಲದ ಬದುವಿನ ದತ್ತೂರಿ ಮುಳ್ಳಿನ ಗಿಡದ ಬೀಜ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಎಣ್ಣೆ ಸೇರಿ ಕಾಲು ಬಾವು, ಹೃದಯ ವೈಫಲ್ಯದಿಂದ ಅರವತ್ತಕ್ಕೂ ಹೆಚ್ಚು ಜನ ಸತ್ತರು.

ಹಾಗಾದರೆ ಯಾವ ಮನೆ ಪರೀಕ್ಷೆ ನಂಬಬಾರದು?

ಮೊದಲನೆಯದು ಜೇನು. ನೀರಿಗೆ ಹಾಕಿದರೆ ಕರಗದೆ ತಳ ಸೇರಬೇಕು, ಬತ್ತಿಗೆ ಅದ್ದಿ ಹಚ್ಚಿದರೆ ಉರಿಯಬೇಕು, ನಾಯಿ ಮೂಸಬಾರದು ಎಂಬ ಪರೀಕ್ಷೆಗಳೆಲ್ಲ ಬೆಲ್ಲದ ನೀರು ಬೆರೆಸುತ್ತಿದ್ದ ಕಾಲದವು. ಈಗ ಬೆರೆಸುವುದು ಅಕ್ಕಿಯಿಂದ ತೆಗೆದ ಗಟ್ಟಿ ಸಿರಪ್. ಅದು ಈ ಎಲ್ಲವನ್ನೂ ದಾಟುತ್ತದೆ. 2020ರ ಡಿಸೆಂಬರ್‌ನಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡ್‌ಗಳನ್ನು ಎನ್‌ಎಂಆರ್ ಎಂಬ ದುಬಾರಿ ಪರೀಕ್ಷೆಗೆ ಒಡ್ಡಿದಾಗ 10 ಫೇಲಾದವು. ಗಡುಗಟ್ಟಿದ ಜೇನು ಕಲಬೆರಕೆ ಎಂಬುದೂ ಸುಳ್ಳು. ಚಳಿಗೆ ಒಳ್ಳೆ ಜೇನೂ ಹರಳುಗಟ್ಟುತ್ತದೆ.

ಎರಡನೆಯದು ತುಪ್ಪ. ಸಕ್ಕರೆ, ಆಮ್ಲ ಹಾಕಿ ಕುಲುಕಿ ಕೆಂಪು ಬಂದರೆ ಕಲಬೆರಕೆ ಎನ್ನುವ ಪರೀಕ್ಷೆ ನಿಜವಾದದ್ದೇ. ಆದರೆ ಅದು ಹಿಡಿಯುವುದು ವನಸ್ಪತಿಯನ್ನಲ್ಲ, ವನಸ್ಪತಿಯೊಳಗಿನ ಎಳ್ಳೆಣ್ಣೆಯನ್ನು. ಪತ್ತೆಗೆ ಅನುಕೂಲವಾಗಲೆಂದೇ ವನಸ್ಪತಿಗೆ ಶೇ 5 ಎಳ್ಳೆಣ್ಣೆ ಹಾಕಲೇಬೇಕು ಎಂದು ಸರ್ಕಾರ ನಿಯಮ ಮಾಡಿತ್ತು. ಜಾಣ ಉಪಾಯವೇನೋ ಹೌದು. ಇಂದಿನ ಕಳ್ಳರು ನೇರವಾಗಿ ಪಾಮ್ ಎಣ್ಣೆ ಬೆರೆಸುತ್ತಾರೆ, ಅದರಲ್ಲಿ ಎಳ್ಳೆಣ್ಣೆಯೇ ಇರುವುದಿಲ್ಲ. ತುಪ್ಪದ ನಿಜ ತಿಳಿಯಬೇಕಾದರೆ ಲ್ಯಾಬ್‌ನಲ್ಲಿ ಆರ್‌ಎಂ ಮೌಲ್ಯ (ಹಾಲಿನ ಕೊಬ್ಬನ್ನು ಗುರುತಿಸುವ ಅಳತೆ), ಕೊಬ್ಬಿನಾಮ್ಲಗಳ ವಿವರ ಬೇಕು.

ಇಂಗು ಕರ್ಪೂರದಂತೆ ಉರಿಯಬೇಕು ಎಂಬುದು ಶುದ್ಧ ಇಂಗಿನ ಮಾತು. ಅಂಗಡಿಯ ಡಬ್ಬಿಯಲ್ಲಿರುವುದು ಮೈದಾ, ಗೋಂದು ಸೇರಿಸಿದ ಕೂಡಿಂಗು. ಲೇಬಲ್ ಮೇಲೆ ಬರೆದೇ ಇರುತ್ತದೆ, ಅದು ಕಾನೂನುಬದ್ಧ. ಕರಿಮೆಣಸು ನೀರಲ್ಲಿ ತೇಲಿದರೆ ಪಪ್ಪಾಯಿ ಬೀಜ ಎನ್ನುವುದೂ ಅರೆಸತ್ಯ, ಜೊಳ್ಳು ಮೆಣಸೂ ತೇಲುತ್ತದೆ. ತೇಲಿದ್ದನ್ನು ಹಲ್ಲಲ್ಲಿ ಕಚ್ಚಿ ನೋಡಿ. ಖಾರವಿಲ್ಲದೆ, ಸುಕ್ಕುಗಟ್ಟಿ, ಉದ್ದುದ್ದ ಇದ್ದರೆ ಪಪ್ಪಾಯಿ.

ಪ್ಲಾಸ್ಟಿಕ್ ಅಕ್ಕಿ ನಿಜವೇ? ರೇಷನ್ ಅಕ್ಕಿಯಲ್ಲಿ ಬೇರೆ ಥರದ ಕಾಳು ತೇಲುತ್ತವೆ.

ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಯಂತ್ರದಲ್ಲಿ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ, ಅಂದರೆ ಕಿಲೋಗೆ 10 ಗ್ರಾಂನಷ್ಟು ಬೆರೆಸುತ್ತಾರೆ. ಬಣ್ಣ ತುಸು ಬೇರೆ, ಹಗುರವಾದ್ದರಿಂದ ಕೆಲವು ತೇಲುತ್ತವೆ. ಆರಿಸಿ ಎಸೆಯುವವರು ಎಸೆಯುತ್ತಿರುವುದು ಪೌಷ್ಟಿಕಾಂಶವನ್ನೇ.

ಕಾಫಿ ಪುಡಿಗೆ ಚಿಕೋರಿ ಹಾಕುವುದು ಕಲಬೆರಕೆಯಾ?

ಹೇಳಿ ಹಾಕಿದರೆ ಅಲ್ಲ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕೆ ಕಡಿಮೆ ಇರಕೂಡದು, ಪ್ರಮಾಣವನ್ನು ಪ್ಯಾಕೆಟ್ ಮೇಲೆ ನಮೂದಿಸಬೇಕು. ‘ಪ್ಯೂರ್ ಕಾಫಿ’ ಎಂದು ಮಾರಿದ ಪುಡಿಯಲ್ಲಿ ಚಿಕೋರಿ ಸಿಕ್ಕರೆ ಮೋಸ. ತಣ್ಣೀರಿನ ಮೇಲೆ ಪುಡಿ ಉದುರಿಸಿ: ಕಾಫಿ ತೇಲುತ್ತದೆ, ಚಿಕೋರಿ ಕೆಲವೇ ಕ್ಷಣಗಳಲ್ಲಿ ಕಂದು ಬಾಲ ಬಿಡುತ್ತಾ ಮುಳುಗುತ್ತದೆ.

ಬೆಲ್ಲ ಹೇಗೆ ಆರಿಸಬೇಕು?

ಬೆಳ್ಳಗಿನ, ಹೊಂಬಣ್ಣದ ಅಚ್ಚು ಬೆಲ್ಲವನ್ನೇ ಗಿರಾಕಿಗಳು ಕೇಳುವುದರಿಂದ ಆಲೆಮನೆಯಲ್ಲಿ ಹೈಡ್ರೋಸ್ ಪುಡಿ ಬೀಳುತ್ತದೆ. ಕುದಿಯುವ ಕಬ್ಬಿನ ಹಾಲಿಗೆ ಅದು ಬಿದ್ದೊಡನೆ ಬಣ್ಣ ತಿಳಿಯಾಗುತ್ತದೆ, ಹಿಂದೆ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ಅದಕ್ಕೆ ಮಿತಿ 70 ಪಿಪಿಎಂ. ಆಲೆಮನೆಯಲ್ಲಿ ಇದನ್ನು ತೂಗಿ ಹಾಕುವವರಿಲ್ಲ, ಕೈಯಳತೆಯೇ ಲೆಕ್ಕ. ಹೈಡ್ರೋಸ್ ಬೆಲ್ಲ ಹೊರಗಿಟ್ಟರೆ ಕೆಲವು ವಾರಗಳಲ್ಲಿ ಮತ್ತೆ ಕಪ್ಪಾಗುತ್ತದೆ. ಇನ್ನೊಂದು ಕಲಬೆರಕೆ ಸಕ್ಕರೆ: ಕಳಪೆ ಸಕ್ಕರೆಗೆ ಸ್ವಲ್ಪ ಕಬ್ಬಿನ ಹಾಲು ಸೇರಿಸಿ ಬೆಲ್ಲ ಎಂದು ಅಚ್ಚು ಹಾಕುವುದು. ಮುರಿದ ಮಗ್ಗುಲಲ್ಲಿ ಸಕ್ಕರೆ ಹರಳು ಮಿನುಗಿದರೆ, ಬಾಯಲ್ಲಿ ಕಬ್ಬಿನ ಘಮ ಇಲ್ಲದೆ ಬರೀ ಸಿಹಿ ಉಳಿದರೆ ಅನುಮಾನಿಸಿ. ಗಾಢ ಕಂದು ಬೆಲ್ಲ ಪಾಯಸಕ್ಕೆ ಅಂದ ಕೊಡದಿರಬಹುದು, ಹೊಟ್ಟೆಗೆ ಅದೇ ಮೇಲು.

ಮಾವು, ಬಾಳೆ ಹಣ್ಣಾಗಿಸಲು ಯಾವುದು ಸರಿ, ಯಾವುದು ತಪ್ಪು?

ಕ್ಯಾಲ್ಸಿಯಂ ಕಾರ್ಬೈಡ್ ಪೂರ್ತಿ ನಿಷಿದ್ಧ. ತೇವ ತಾಗಿದಾಗ ಅಸಿಟಿಲಿನ್ ಅನಿಲ ಬರುತ್ತದೆ, ಜೊತೆಗೆ ಆರ್ಸೆನಿಕ್, ರಂಜಕದ ಕಲ್ಮಶಗಳೂ ಬರುತ್ತವೆ. ಕೋಣೆಯಲ್ಲಿ 100 ಪಿಪಿಎಂವರೆಗೆ ಎಥಿಲೀನ್ ಅನಿಲ ಬಿಡುವುದಕ್ಕೆ ಅನುಮತಿ ಇದೆ. ಎಥಿಲೀನ್ ಬಿಡುವ ಎಥೆಫಾನ್ ರಾಸಾಯನಿಕದ ದ್ರಾವಣದಲ್ಲಿ ಹಣ್ಣು ಅದ್ದುವುದು ತಪ್ಪು, ಹಣ್ಣಿಗೆ ತಾಗದಂತೆ ಸ್ಯಾಷೆಯಲ್ಲಿಟ್ಟು ಅನಿಲ ಬರಿಸುವುದು ಸರಿ. ಸಿಪ್ಪೆ ಒಂದೇ ಸಮ ಹಳದಿ, ಒಳಗೆ ಗಟ್ಟಿ, ಹುಳಿ ಇದ್ದರೆ ಬಲಿಯದ ಕಾಯಿಯನ್ನು ಹಣ್ಣು ಮಾಡಿದ್ದಾರೆ ಎಂದಷ್ಟೇ ಹೇಳಬಹುದು, ಕಾರ್ಬೈಡ್ ಎಂದು ಖಚಿತವಾಗಿ ಅಲ್ಲ. ಪೆಟ್ಟಿಗೆಯೊಳಗೆ ಕಾಗದದ ಪೊಟ್ಟಣದಲ್ಲಿ ಬೂದಿಯಂಥ ಪುಡಿ, ಬೆಳ್ಳುಳ್ಳಿಯಂಥ ವಾಸನೆ ಇದ್ದರೆ ಫೋಟೊ ತೆಗೆದಿಡಿ.

ಇಡ್ಲಿಗೆ ಪ್ಲಾಸ್ಟಿಕ್ ಹಾಳೆ?

2025ರ ಫೆಬ್ರುವರಿಯಲ್ಲಿ ರಾಜ್ಯದ 251 ಕಡೆ ನೋಡಿದಾಗ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಇತ್ತು, ಸರ್ಕಾರ ನಿಷೇಧಿಸಿತು. ತಟ್ಟೆಯ ಮೇಲೆ ಬಟ್ಟೆ ಹಾಸಿದ ಇಡ್ಲಿಯ ಬೆನ್ನಲ್ಲಿ ನೇಯ್ಗೆಯ ಗುರುತು ಇರುತ್ತದೆ, ಪ್ಲಾಸ್ಟಿಕ್ ಹಾಸಿದ್ದು ನುಣ್ಣಗೆ ಹೊಳೆಯುತ್ತದೆ. ಬರೀ ಎಣ್ಣೆ ಸವರಿದ ಸ್ಟೀಲ್ ಗುಳಿಯ ಇಡ್ಲಿಯೂ ನುಣ್ಣಗಿರುವುದರಿಂದ, ಅನುಮಾನ ಬಂದರೆ ಅಡುಗೆಮನೆ ತೋರಿಸಿ ಎಂದು ಕೇಳುವುದೇ ಸರಿ.

ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು?

ಕಾನೂನು ಸಲದ ಲೆಕ್ಕ ಹಿಡಿಯುವುದಿಲ್ಲ. ಎಣ್ಣೆ ಕಾದು ಕೆಟ್ಟಂತೆ ಅದರಲ್ಲಿ ಹೆಚ್ಚುವ ಟಿಪಿಸಿ ಎಂಬ ಅಂಶ ಶೇ 25 ಮೀರಬಾರದು ಎನ್ನುತ್ತದೆ, ಇದು 2018ರ ಜುಲೈ 1ರಿಂದ ಜಾರಿಯಲ್ಲಿದೆ. ಎಣ್ಣೆಯಲ್ಲಿ ಅದ್ದಿ ಅಳೆಯುವ ಮೀಟರ್ ಸಿಗುತ್ತದೆ. ಮೀಟರ್ ಇಲ್ಲದವರು ಗಮನಿಸಬೇಕಾದ್ದು: ಬಾಣಲೆಯ ಅಂಚಿನಲ್ಲಿ ಅಂಟು ನೊರೆ, ಮೊದಲಿಗಿಂತ ಕಡಿಮೆ ಕಾವಿಗೇ ಹೊಗೆ, ಎಣ್ಣೆ ಗಟ್ಟಿಯಾಗಿ ಎಳೆಯಾಗುವುದು. ಬಣ್ಣ ಒಂದನ್ನೇ ನಂಬಬೇಡಿ, ಮಸಾಲೆ ಬೋಂಡ ಕರಿದರೆ ಹೊಸ ಎಣ್ಣೆಯೂ ಕಪ್ಪಾಗುತ್ತದೆ. ಹಳೆ ಎಣ್ಣೆಗೆ ಹೊಸದನ್ನು ಸುರಿದು ‘ಹದ ಮಾಡುವುದು’ ಹೆಚ್ಚಿನ ಕಡೆ ನಡೆಯುವ ತಪ್ಪು. ಹಳೆಯದರ ಕೊಳೆ ಹೊಸದನ್ನೂ ಬೇಗ ಕೆಡಿಸುತ್ತದೆ.

ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಪದಾರ್ಥ ಪರೀಕ್ಷೆಯಾಗಿದೆ ಎಂದರ್ಥವೇ?

ಇಲ್ಲ. ಅದು ಅಂಗಡಿಯ ನೋಂದಣಿ ಸಂಖ್ಯೆ, ಪದಾರ್ಥದ ಅಂಕಪಟ್ಟಿ ಅಲ್ಲ. 14 ಅಂಕಿಗಳಲ್ಲಿ ಮೊದಲನೆಯದು 1 ಆದರೆ ಲೈಸೆನ್ಸ್, 2 ಆದರೆ ಸಣ್ಣ ವ್ಯಾಪಾರಿಯ ನೋಂದಣಿ. ಮುಂದಿನ ಎರಡು ರಾಜ್ಯದ್ದು, ಕರ್ನಾಟಕಕ್ಕೆ 12. ಕೇಂದ್ರದ ಲೈಸೆನ್ಸ್ 100 ಎಂದು ಶುರುವಾಗುತ್ತದೆ. ಅದಾದ ಮೇಲಿನ ಎರಡು ಅಂಕಿ ಕೊಟ್ಟ ವರ್ಷ. ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ (FoSCoS) ಜಾಲತಾಣದಲ್ಲಿ ಸಂಖ್ಯೆ ಹಾಕಿ ನೋಡಿ: ಅವಧಿ ಮುಗಿದಿದೆಯೇ, ಹೆಸರು, ವಿಳಾಸ ಹೊಂದುತ್ತವೆಯೇ, ಮುಖ್ಯವಾಗಿ ಆ ಪದಾರ್ಥ ತಯಾರಿಸಲು ಅನುಮತಿ ಇದೆಯೇ. ಮಸಾಲೆ ಪುಡಿಯ ಲೈಸೆನ್ಸ್ ಸಂಖ್ಯೆಯನ್ನೇ ತುಪ್ಪದ ಡಬ್ಬಿಗೂ ಒತ್ತುವವರಿದ್ದಾರೆ. 2022ರ ಜನವರಿ 1ರಿಂದ ಬಿಲ್ಲಿನ ಮೇಲೂ ಈ ಸಂಖ್ಯೆ ಇರಲೇಬೇಕು.

ದೂರು ಎಲ್ಲಿ, ಹೇಗೆ ಕೊಡಬೇಕು?

ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್, 1800112100 ಉಚಿತ ಸಹಾಯವಾಣಿ, ಇಲ್ಲವೇ ನೇರವಾಗಿ ಜಿಲ್ಲೆಯ ಅಂಕಿತ ಅಧಿಕಾರಿಯ (ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತವರು) ಕಚೇರಿ. ತೂಕ ಕಡಿಮೆ ಇದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗಬೇಕು. ಹೋಟೆಲಿನ ಚರಂಡಿ, ಕಸ, ಟ್ರೇಡ್ ಲೈಸೆನ್ಸ್ ಪಾಲಿಕೆ ಅಥವಾ ಪುರಸಭೆಯ ಆರೋಗ್ಯ ನಿರೀಕ್ಷಕರ ಕೆಲಸ. ತಪ್ಪು ಬಾಗಿಲು ತಟ್ಟಿದರೆ ‘ಇದು ನಮಗೆ ಬರಲ್ಲ’ ಎಂಬ ಉತ್ತರಕ್ಕೇ ಹದಿನೈದು ದಿನ ಹೋಗುತ್ತದೆ.

ಆ್ಯಪ್‌ನಲ್ಲಿ ಹಾಕಿದರೂ ಲಿಖಿತ ಪ್ರತಿ ಕೊಟ್ಟು ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ‘ಈ ಅಂಗಡಿಯವರು ಜನರಿಗೆ ವಿಷ ಉಣಿಸುತ್ತಿದ್ದಾರೆ’ ಎಂಬ ಒಕ್ಕಣೆಯಿಂದ ಅಧಿಕಾರಿಗೆ ಏನೂ ಮಾಡಲಾಗದು. ಹೀಗಿರಲಿ: ‘ಇಂಥ ತಾರೀಕು, ಇಂಥ ರಸ್ತೆಯ ಇಂಥ ಅಂಗಡಿಯಲ್ಲಿ ಕೊಂಡ 500 ಗ್ರಾಂ ಅರಿಶಿನ ಪುಡಿ, ಬ್ಯಾಚ್ ಸಂಖ್ಯೆ, ತಯಾರಿಕೆ ದಿನಾಂಕ, 14 ಅಂಕಿಯ ಸಂಖ್ಯೆ ಇಂತಿವೆ. ನೀರಿಗೆ ಹಾಕಿದಾಗ ಗಾಢ ಹಳದಿ ಬಿಟ್ಟಿತು. ಅದೇ ಬ್ಯಾಚಿನ ಪ್ಯಾಕೆಟ್‌ಗಳು ಈಗಲೂ ಆ ಅಂಗಡಿಯಲ್ಲಿವೆ. ಕಾನೂನು ಮಾದರಿ ತೆಗೆದು ವರದಿಯನ್ನು ತಿಳಿಸಬೇಕಾಗಿ ಕೋರಿಕೆ. ಬಿಲ್ಲಿನ ಪ್ರತಿ, ಪ್ಯಾಕೆಟ್‌ನ ಎರಡೂ ಬದಿಯ ಫೋಟೊ ಲಗತ್ತಿಸಿದೆ.’ ಇದರಲ್ಲಿ ತೂಕದ ಮಾತು ‘ಅದೇ ಬ್ಯಾಚು’ ಮತ್ತು ‘ಕಾನೂನು ಮಾದರಿ’, ಅಂದರೆ ಕೇಸು ಹಾಕಲು ಅಧಿಕಾರಿಯೇ ತೆಗೆಯುವ ಮಾದರಿ. ನೀವು ಒಡೆದ ಪ್ಯಾಕೆಟ್‌ಗೆ ಸಾಕ್ಷ್ಯವಾಗಿ ಬೆಲೆ ಇಲ್ಲ. ಸಾಧ್ಯವಾದರೆ ಅದೇ ಬ್ಯಾಚಿನ ಇನ್ನೊಂದನ್ನು ಒಡೆಯದೆ ಇಟ್ಟುಕೊಳ್ಳಿ.

ಅಧಿಕಾರಿ ಬಂದ ಮೇಲೆ ಏನು ನಡೆಯಬೇಕು?

ಆಹಾರ ಸುರಕ್ಷತಾ ಅಧಿಕಾರಿ ಸಾಕ್ಷಿಯೊಬ್ಬರನ್ನು ಕರೆದು, ಪದಾರ್ಥಕ್ಕೆ ಹಣ ಕೊಟ್ಟು, ಅಂಗಡಿಯವರಿಗೆ ನೋಟಿಸ್ ನೀಡಿ ಮಾದರಿ ತೆಗೆಯುತ್ತಾರೆ. ಅದನ್ನು ನಾಲ್ಕು ಭಾಗ ಮಾಡಿ ಸೀಲು ಹಾಕಬೇಕು. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಯ ಬಳಿ. ನಾಲ್ಕನೆಯದನ್ನು ವ್ಯಾಪಾರಿ ಕೇಳಿದರೆ ಅವರದೇ ಖರ್ಚಿನಲ್ಲಿ ಮಾನ್ಯತೆ ಪಡೆದ ಲ್ಯಾಬ್‌ಗೆ ಕಳಿಸಬೇಕು. ಹಾಲಾದರೆ ಕೆಡದಂತೆ 25 ಮಿ.ಲೀ.ಗೆ ಎರಡು ಹನಿಯಂತೆ ಫಾರ್ಮಲಿನ್ ಹಾಕುತ್ತಾರೆ. ಹಾಲಿನವರು ಹಾಕಿದರೆ ಅಪರಾಧವಾಗುವ ಅದೇ ಫಾರ್ಮಲಿನ್. ಆದ್ದರಿಂದ ಚೀಟಿಯಲ್ಲಿ ಅದನ್ನು ಬರೆಯದೆ ಬಿಟ್ಟರೆ ಕೇಸೇ ತಲೆಕೆಳಗಾಗುತ್ತದೆ.

ವಿಶ್ಲೇಷಕರ ವರದಿ 14 ದಿನದಲ್ಲಿ ಬರಬೇಕು. ವರದಿ ಒಪ್ಪದ ವ್ಯಾಪಾರಿ 30 ದಿನದೊಳಗೆ ಮೇಲ್ಮನವಿ ಹಾಕಿದರೆ ಉಳಿದ ಭಾಗ ರೆಫರಲ್ ಲ್ಯಾಬ್‌ಗೆ ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಅಂಥದ್ದೊಂದು. ಅಲ್ಲಿಯ ವರದಿಯೇ ಅಂತಿಮ.

‘ಇಷ್ಟು ಮಾದರಿ ಅಸುರಕ್ಷಿತ’ ಎಂದು ಪತ್ರಿಕೆಯಲ್ಲಿ ಬರುತ್ತದೆ, ಶಿಕ್ಷೆಯ ಸುದ್ದಿ ಯಾಕೆ ಬರುವುದಿಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ. ಮಾದರಿಗಳಲ್ಲಿ ಎರಡು ಜಾತಿ. ಸರ್ವೆ ಮಾದರಿಯನ್ನು ಯಾರು ಬೇಕಾದರೂ ಗಿರಾಕಿಯಂತೆ ಕೊಂಡು ಲ್ಯಾಬ್‌ಗೆ ಕೊಡಬಹುದು. ಪರಿಸ್ಥಿತಿ ಹೇಗಿದೆ ಎಂದು ತಿಳಿಯಲು ಅದು ಸಾಕು, ಕೇಸು ಹಾಕಲು ಸಾಲದು. ಮೇಲೆ ಹೇಳಿದ ನಾಲ್ಕು ಭಾಗ, ಸಾಕ್ಷಿ, ನೋಟಿಸ್ ಇರುವುದು ಕಾನೂನು ಮಾದರಿಗೆ ಮಾತ್ರ. ಸರ್ವೆಯಲ್ಲಿ ಫೇಲಾದ ಅಂಗಡಿಗೆ ಅಧಿಕಾರಿ ಮತ್ತೆ ಹೋಗಿ ಕಾನೂನು ಮಾದರಿ ತೆಗೆಯಬೇಕು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹರಡಿ, ಬಣ್ಣದ ಡಬ್ಬಿ ಮಾಯವಾಗಿ, ಎರಡನೇ ಮಾದರಿ ಪಾಸಾಗಿರುತ್ತದೆ. ಪತ್ರಿಕೆಯ ಅಂಕಿ ಯಾವ ಜಾತಿಯದು ಎಂದು ವರದಿಗಾರರು ಬರೆಯುವುದು ಅಪರೂಪ.

ಎರಡನೆಯ ಕಾರಣ ಲ್ಯಾಬ್. ಮಾನ್ಯತೆ ಇಲ್ಲದ ಲ್ಯಾಬ್ ವರದಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 2015ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಮ್ಯಾಗಿ ಮೇಲಿನ ನಿಷೇಧ ರದ್ದು ಮಾಡಿದ್ದಕ್ಕೆ ಇದೂ ಒಂದು ಕಾರಣ. 2017ರ ಸಿಎಜಿ (ಸರ್ಕಾರದ ಲೆಕ್ಕ ತಪಾಸಕರ) ವರದಿ ನೋಡಿದರೆ ರಾಜ್ಯಗಳ 72 ಆಹಾರ ಲ್ಯಾಬ್‌ಗಳಲ್ಲಿ 65ಕ್ಕೆ ಲ್ಯಾಬ್‌ಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆಯೇ ಇರಲಿಲ್ಲ. ಮೂರನೆಯದು ಸಮಯ. ಮಾದರಿ ತೆಗೆದು ಒಂದು ವರ್ಷದೊಳಗೆ ಕೇಸು ದಾಖಲಾಗಬೇಕು, ಆಹಾರ ಸುರಕ್ಷತಾ ಆಯುಕ್ತರು ಕಾರಣ ಬರೆದು ಮೂರು ವರ್ಷಕ್ಕೆ ವಿಸ್ತರಿಸಬಹುದು. ಕಡತ ಮೇಜಿನಿಂದ ಮೇಜಿಗೆ ತೆವಳುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ನಾಲ್ಕನೆಯದು ಖರೀದಿ ಬಿಲ್ಲು. ಕಿರಾಣಿಯವರು ‘ಲೈನ್ ಗಾಡಿಯವರು ಕೊಟ್ಟಿದ್ದು’ ಎನ್ನುತ್ತಾರೆ, ಬಿಲ್ಲಿಲ್ಲ. ತಯಾರಕರ ಬುಡಕ್ಕೆ ಹೋಗುವ ದಾರಿ ಅಲ್ಲೇ ಮುಚ್ಚಿತು, ಸಿಕ್ಕಿಬೀಳುವುದು ಚಿಲ್ಲರೆ ಅಂಗಡಿ.

ಹಾಗೆಂದು ಎಲ್ಲವೂ ವಿಷಮಯ ಎಂಬ ಭಯವೂ ಬೇಡ. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯ 6,432 ಮಾದರಿಗಳಲ್ಲಿ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ದೊಡ್ಡ ತೊಂದರೆ ಕಂಡದ್ದು ಯಾರೂ ನಿರೀಕ್ಷಿಸದ ಕಡೆ: ಬೂಷ್ಟು ಹಿಡಿದ ಪಶು ಆಹಾರದಿಂದ ಬರುವ ಅಫ್ಲಾಟಾಕ್ಸಿನ್ ಎಂ1, ಶೇ 5.7 ಮಾದರಿಗಳಲ್ಲಿ.

ಶಿಕ್ಷೆ ಎಷ್ಟು?

ಕಳಪೆ ಗುಣಮಟ್ಟಕ್ಕೆ 5 ಲಕ್ಷ ರೂಪಾಯಿವರೆಗೆ, ತಪ್ಪು ಲೇಬಲ್‌ಗೆ 3 ಲಕ್ಷದವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಕೊಳಕು ಅಡುಗೆಮನೆಗೆ 1 ಲಕ್ಷದವರೆಗೆ ದಂಡ. ಇವೆಲ್ಲ ನ್ಯಾಯನಿರ್ಣಯಾಧಿಕಾರಿ, ಅಂದರೆ ನಮ್ಮಲ್ಲಿ ಅಪರ ಜಿಲ್ಲಾಧಿಕಾರಿ ಮುಂದೆ ಹೋಗುತ್ತವೆ. ಅವರಿಗೆ ಕಂದಾಯ, ಚುನಾವಣೆ, ಬರ, ನೆರೆ ಎಲ್ಲ ಇದೆ. ಆಹಾರದ ಕಡತ ಕೊನೆಗೆ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. ದಂಡ ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು, ಕಟ್ಟುವವರೆಗೆ ಲೈಸೆನ್ಸ್ ಅಮಾನತು ಮಾಡಬೇಕು ಎಂದು 96ನೇ ಸೆಕ್ಷನ್ ಹೇಳುತ್ತದೆ. ಇದನ್ನು ನೆನಪಿಸುವವರು ಕಡಿಮೆ.

ಅಸುರಕ್ಷಿತ ಆಹಾರ ಕ್ರಿಮಿನಲ್ ಕೋರ್ಟಿಗೆ. ಯಾರಿಗೂ ತೊಂದರೆಯಾಗಿರದಿದ್ದರೆ 3 ತಿಂಗಳವರೆಗೆ ಜೈಲು, 3 ಲಕ್ಷದವರೆಗೆ ದಂಡ. 2023ರ ಜನವಿಶ್ವಾಸ ಕಾಯ್ದೆಗೆ ಮುಂಚೆ ಇದು 6 ತಿಂಗಳು, 1 ಲಕ್ಷ ಇತ್ತು. ತೀವ್ರ ಹಾನಿಯಾದರೆ 6 ವರ್ಷದವರೆಗೆ. ಸಾವಾದರೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು, ಜೊತೆಗೆ ಕನಿಷ್ಠ 10 ಲಕ್ಷ ದಂಡ. ಮೃತರ ಕುಟುಂಬಕ್ಕೆ ಕನಿಷ್ಠ 5 ಲಕ್ಷ ಪರಿಹಾರ ಬೇರೆ.

ನಾನೇ ಲ್ಯಾಬ್‌ಗೆ ಕೊಡಬಹುದೇ?

ಕೊಡಬಹುದು, 40ನೇ ಸೆಕ್ಷನ್ ಅದಕ್ಕೇ ಇದೆ. ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಪದಾರ್ಥ ಫೇಲಾದರೆ ಶುಲ್ಕ ವಾಪಸ್. ಷರತ್ತೊಂದಿದೆ: ‘ಇದನ್ನು ಪರೀಕ್ಷೆಗೆ ಕೊಡುತ್ತೇನೆ’ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಇದನ್ನು ಬಿಟ್ಟದ್ದಕ್ಕೇ ಬಹಳಷ್ಟು ವರದಿಗಳು ಬರೀ ಕಾಗದವಾಗಿ ಉಳಿಯುತ್ತವೆ. ಪ್ಯಾಕೆಟ್ ಒಡೆಯಬೇಡಿ. ‘ಎಲ್ಲ ಟೆಸ್ಟ್ ಮಾಡಿ’ ಎನ್ನಬೇಡಿ, ಬಣ್ಣವೋ ಸೀಸವೋ ಕೊಬ್ಬೋ ಎಂದು ನಿಖರವಾಗಿ ಕೇಳಿ. ಒಂದೊಂದಕ್ಕೂ ವಿಧಾನ, ದರ ಬೇರೆ.

ಹೋಟೆಲ್ ಊಟದಿಂದ ಹೊಟ್ಟೆ ಕೆಟ್ಟರೆ?

ಕೊನೆಗೆ ತಿಂದದ್ದೇ ಅಪರಾಧಿ ಎಂದುಕೊಳ್ಳಬೇಡಿ. ಒಂದರಿಂದ ಆರು ಗಂಟೆಯೊಳಗೆ ವಾಂತಿಯಾದರೆ ಹೊರಗೆ ಉಳಿದ ಅನ್ನ, ಕೆನೆ, ಸಿಹಿತಿಂಡಿಯಲ್ಲಿ ಮೊದಲೇ ಹುಟ್ಟಿಕೊಂಡ ವಿಷ ಕಾರಣವಿರಬಹುದು. ಸಾಲ್ಮೊನೆಲ್ಲಾ ಆರು ಗಂಟೆಯಿಂದ ಮೂರು ದಿನದವರೆಗೂ ತೆಗೆದುಕೊಳ್ಳುತ್ತದೆ. ಆ್ಯಂಟಿಬಯೋಟಿಕ್ ಶುರುವಾಗುವ ಮೊದಲು ಮಲ ಪರೀಕ್ಷೆಗೆ ಕೊಡಿ, ಆಸ್ಪತ್ರೆ ಚೀಟಿಯಲ್ಲಿ ಏನು, ಎಲ್ಲಿ, ಎಷ್ಟು ಹೊತ್ತಿಗೆ ತಿಂದಿರಿ ಎಂದು ಬರೆಸಿ. ಜೊತೆಗೆ ಉಂಡವರ ಹೆಸರು, ಯಾರಿಗೆ ಏನಾಯಿತು ಎಂಬ ಪಟ್ಟಿ ಮಾಡಿ. ಪರಿಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗವಿದೆ. ಪದಾರ್ಥಕ್ಕೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಹಾಕಬೇಕು.

ದೂರು ಕೊಟ್ಟು ಎರಡು ತಿಂಗಳಾಯಿತು, ಸುದ್ದಿಯೇ ಇಲ್ಲ. ಮುಂದೇನು?

ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ, 30 ದಿನದ ಗಡುವು. ‘ಏನು ಕ್ರಮ ಕೈಗೊಂಡಿದ್ದೀರಿ’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲು ಬರುತ್ತದೆ. ಹೀಗೆ ಕೇಳಿ: ನನ್ನ ದೂರಿನ ಮೇಲೆ ಸ್ಥಳಕ್ಕೆ ಭೇಟಿ ಕೊಟ್ಟ ದಿನಾಂಕ, ತೆಗೆದದ್ದು ಸರ್ವೆ ಮಾದರಿಯೇ ಕಾನೂನು ಮಾದರಿಯೇ, ಲ್ಯಾಬ್‌ಗೆ ತಲುಪಿದ ದಿನ, ವರದಿ ಬಂದ ದಿನ, ವರದಿಯ ಪ್ರತಿ, ಕಡತ ಈಗ ಯಾರ ಬಳಿ ಇದೆ. ಜೊತೆಗೆ ತಾಲ್ಲೂಕಿನಲ್ಲಿ ಕಳೆದ ವರ್ಷ ತೆಗೆದ ಕಾನೂನು ಮಾದರಿಗಳೆಷ್ಟು, ವಿಧಿಸಿದ ದಂಡವೆಷ್ಟು, ವಸೂಲಾದದ್ದೆಷ್ಟು ಎಂಬುದನ್ನೂ ಸೇರಿಸಿ. ವಿಧಿಸಿದ್ದಕ್ಕೂ ವಸೂಲಾದದ್ದಕ್ಕೂ ನಡುವಿನ ಅಂತರ ಲಿಖಿತವಾಗಿ ಕೈಗೆ ಬಂದರೆ 96ನೇ ಸೆಕ್ಷನ್ ಹೆಸರು ಹೇಳಿ ಜಿಲ್ಲಾಧಿಕಾರಿಗೆ ಇನ್ನೊಂದು ಅರ್ಜಿ ಬರೆಯಬಹುದು.